ನೀಲಿ ದಾರ ಕೇಳಿದ ಹಾಡು

ದರ್ಜಿಯ ಹೆಂಡತಿ ತೀರಿಕೊಂಡ ಮೇಲೆ ಅವಳ ಫೋಟೊಗಳು ಮನೆಯಲ್ಲಿ ಬೇಕಾದಷ್ಟು ಉಳಿದವು. ದನಿ ಉಳಿದದ್ದು ಒಂದೇ ಕಡೆ, ಒಂದು ಹಾಡಿನ ನಡುವೆ.

ಅದು ಅಲ್ಲಿ ಸೇರಿಕೊಂಡದ್ದೂ ಆಕಸ್ಮಿಕವೇ. ಹರೆಯದಲ್ಲಿ ದರ್ಜಿ ರೇಡಿಯೊದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಾಡು ಹಿಡಿಯುತ್ತಿದ್ದ. ಬೇಕಾದ ಹಾಡು ಬಂತೆಂದರೆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ, ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದು, ತುಟಿಯ ಮೇಲೆ ಬೆರಳಿಟ್ಟು ಕೂರುತ್ತಿದ್ದ. ಹಾಡು ಮುಗಿಯುವ ತನಕ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಹೀಗಿದ್ದೂ ಒಂದು ದಿನ, ದೋಣಿ ನಡೆಸುವವನ ಹಾಡೊಂದರಲ್ಲಿ ಎರಡನೆಯ ಚರಣಕ್ಕೆ ಮುಂಚೆ ಕೊಳಲು ಸ್ವಲ್ಪ ನಿಲ್ಲುತ್ತದಲ್ಲ, ಸರಿಯಾಗಿ ಅಲ್ಲಿಗೆ, ಒಳಗೆ ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ಹೆಂಡತಿ ಕೂಗಿದಳು. "ಏ ಕಿವುಡಪ್ಪ, ನೀಲಿ ದಾರ ಎಲ್ಲಿಟ್ಟೆ?"

ಹಾಡು ಕೆಟ್ಟಿತೆಂದು ಅವನು ಅವತ್ತು ಮುಖ ಊದಿಸಿಕೊಂಡೇ ಊಟ ಮಾಡಿದ. "ಅಷ್ಟು ದೊಡ್ಡ ಹಾಡುಗಾರನ ಜೊತೆ ನಾನೂ ಒಂದು ಮಾತು ಹಾಡಿದೆ, ಬಿಡು," ಎಂದು ಅವಳು ನಕ್ಕಳು.

ಈಗ ಅವನು ದಿನವೂ ಕತ್ತರಿ ಹಿಡಿಯುವ ಮುಂಚೆ ಕೇಳುತ್ತಿದ್ದದ್ದು ಆ ಕೆಟ್ಟ ಹಾಡನ್ನೇ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಾಗ ಮಗಳು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಟ್ಟು, ಅವನ್ನು ಎಸೆದಿದ್ದಳು. ಈಚೆಗೆ ಆ ಕಂಪ್ಯೂಟರಿನ ಡಿಸ್ಕು, ಸೊಟ್ಟಗಾದ ಸೂಜಿ ಯಂತ್ರದ ತಗಡಿಗೆ ತಾಗಿದ ಹಾಗೆ ಟಿಕ್ ಟಿಕ್ ಎನ್ನತೊಡಗಿತ್ತು. ಆ ಸದ್ದಿನ ನಂತರ ಸೂಜಿ ಮುರಿಯುತ್ತದೆ ಎಂಬುದನ್ನು ದರ್ಜಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಷ್ಟರೊಳಗೆ ಹಾಡುಗಳನ್ನು ತುಂಬಿಡಲು ಹೊಸ ಪೆಟ್ಟಿಗೆಯೊಂದನ್ನು ಕೊಳ್ಳಬೇಕೆಂದ.

"ಈ ಹಾಡೆಲ್ಲ ಫೋನಲ್ಲೇ ಸಿಗತ್ತಪ್ಪ," ಎಂದಳು ಮಗಳು. "ಅದಕ್ಕೆ ಬೇರೆ ಪೆಟ್ಟಿಗೆ ಯಾಕೆ?"

"ನನ್ನವು ನನಗೆ ಬೇಕಮ್ಮ."

ಸತ್ತವಳ ಬೈಗುಳ ಕೇಳಿಕೊಂಡು ಕೂರುತ್ತೇನೆಂದು ಬೆಳೆದ ಮಗಳ ಹತ್ತಿರ ಹೇಳಲು ಅವನಿಗೆ ನಾಚಿಕೆ.

ಕಂಪ್ಯೂಟರ್ ಅಂಗಡಿಯಾಕೆ ಎರಡು ಪೆಟ್ಟಿಗೆ ತೆಗೆದಿಟ್ಟಳು. ಎರಡಕ್ಕೂ ತಂತಿಯ ಹಂಗಿಲ್ಲ. ಮಲಗುವ ಕೋಣೆಯಲ್ಲಿಟ್ಟರೆ ಹೊಲಿಗೆಯ ಕೋಣೆಯ ಸ್ಪೀಕರಿನಲ್ಲಿ ಹಾಡು ಬರುತ್ತದೆ.

"ತಂತಿ ಇಲ್ಲದೆ ಅದಕ್ಕೆ ದಾರಿ ಹೆಂಗೆ ಗೊತ್ತಾಗತ್ತೆ?"

"ನೀವು ಕರೆದ್ರೆ ಮನೆಯೋರು ಬರಲ್ವ, ಹಂಗೆ."

"ನಮ್ಮನೆಯೋಳು ಕರೆದ ತಕ್ಷಣ ಬಂದೋಳೇ ಅಲ್ಲ," ಎಂದ ದರ್ಜಿ. ಆಕೆ ನಕ್ಕಳು. ಅವನೂ ನಗಲು ನೋಡಿದ.

ಸಣ್ಣದರಲ್ಲಿ ಒಂದೇ ಡಿಸ್ಕು. ದೊಡ್ಡದರಲ್ಲಿ ಎರಡು. "ಒಂದು ಡಿಸ್ಕಲ್ಲಿರೋದೆಲ್ಲ ಇನ್ನೊಂದರಲ್ಲೂ ಇರತ್ತೆ. ಒಂದು ಕೆಟ್ರೆ ಇನ್ನೊಂದು ಕಾಯತ್ತೆ. ಇದ್ಯಾವುದೂ ಬೇಡ ಅಂದ್ರೆ ದೂರದ ಕಂಪನಿಯವರ ಹತ್ರ ಬಾಡಿಗೆಗೂ ಇಡಬಹುದು."

"ಯಾರ ಮನೆಯಲ್ಲೋ ಅವಳನ್ನ..." ಎಂದವನು ತಡೆದು, "ಹಾಡನ್ನ ಇಡೋಕಾಗಲ್ಲ ತಾಯಿ," ಎಂದ.

ಎರಡು ಡಿಸ್ಕಿನದನ್ನೇ ಆರಿಸಿಕೊಂಡ. ಬಟ್ಟೆ ಕತ್ತರಿಸಲು ಮಾಡುವ ಕಾಗದದ ಅಳತೆಯನ್ನು ಯಾವಾಗಲೂ ಎರಡು ಕತ್ತರಿಸಿಡುವುದು ಅವನ ಪದ್ಧತಿ. ಒಂದು ಹರಿದರೂ ಇನ್ನೊಂದು ಗೋಡೆಯ ಮೊಳೆಯಲ್ಲಿ ಕ್ಷೇಮವಾಗಿರುತ್ತದೆ. ಪೆಟ್ಟಿಗೆಯೂ ಹಾಗೆಯೇ ಎಂದುಕೊಂಡು ಅದನ್ನು ಎದೆಗೊತ್ತಿಕೊಂಡು ಮನೆಗೆ ತಂದ.

ಭಾನುವಾರವೆಲ್ಲ ಮಗಳು ಹಾಡುಗಳನ್ನು ಸಾಗಿಸಿದಳು. ಕೊನೆಯದು ದಾಟಿದ ಸ್ವಲ್ಪ ಹೊತ್ತಿಗೆ ಹಳೆಯ ಡಿಸ್ಕು ಕರ್ ಎಂದು ನಿಂತೇಬಿಟ್ಟಿತು. "ಪಾಪ, ಕೆಲಸ ಮುಗಿಸೇ ಹೋಯ್ತು," ಎಂದು ಇಬ್ಬರೂ ನಿಟ್ಟುಸಿರು ಬಿಟ್ಟರು.

"ಅಪ್ಪ, ತುಂಬ ಹಾಡು ಎರಡೆರಡು ಸಲ ಇವೆ," ಎಂದಳು ಮಗಳು. "ನೀನು ರೇಡಿಯೊದಲ್ಲಿ ಹಿಡಿದಿದ್ದೊಂದು, ನಾನು ಆಮೇಲೆ ಕೊಂಡುಕೊಟ್ಟಿದ್ದೊಂದು. ಕರಕರ ಅನ್ನೋದನ್ನ ತೆಗೆದುಬಿಡ್ಲಾ?"

ದರ್ಜಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಈ ಡಿಸ್ಕಿನಿಂದ ತೆಗೆದರೆ ಆ ಡಿಸ್ಕಿನಲ್ಲಿ ಇದ್ದೇ ಇರುತ್ತದೆ. ಬೆಳಗಿನಿಂದ ಬೆನ್ನು ಬಗ್ಗಿಸಿ ಕೂತ ಮಗಳಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

"ತೆಗಿ," ಎಂದ.

ಮಾರನೆಯ ದಿನ ದೋಣಿಯ ಹಾಡು ಹಾಕಿದ. ಕೊಳಲು ನಿಂತಿತು. ಚರಣ ಶುರುವಾಯಿತು. ಮತ್ತೆ ಹಾಕಿದ. ನಡುವೆ ಏನೂ ಇಲ್ಲ.

ಎರಡನೆಯ ಡಿಸ್ಕನ್ನು ತೆರೆಸಲೆಂದು ಪೆಟ್ಟಿಗೆಯನ್ನೂ ಸತ್ತ ಡಿಸ್ಕನ್ನೂ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದ. ಅಂಗಡಿಯಾಕೆ ಬಹಳ ಹೊತ್ತು ಹುಡುಕಿದಳು.

"ಎರಡೂ ಕನ್ನಡಿ ಇದ್ದ ಹಂಗೆ ಯಜಮಾನ್ರೇ. ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಸಿಹೋಗತ್ತೆ. ಡಿಸ್ಕು ಕೆಟ್ರೆ ಮಾತ್ರ ಕಾಯೋದು, ನಾವೇ ತೆಗೆದ್ರೆ ಕಾಯಲ್ಲ." ಹಳೆಯ ಡಿಸ್ಕನ್ನು ಕಿವಿಗೆ ಹಿಡಿದು, ಆಗದೆಂದು ತಲೆಯಾಡಿಸಿದಳು. "ಯಾವ ಹಾಡು ಹೇಳಿ, ಈಗಲೇ ಹುಡುಕಿ ಹಾಕ್ತೀನಿ."

"ಹಾಡು ಇದೆ," ಎಂದ ದರ್ಜಿ.

ಸಂಜೆ ಮಗಳು ಬಂದಳು. ಅವನು ಯಂತ್ರದ ಮುಂದೆ ಕೂತು ಶಾಲೆಯ ಅಂಗಿಯೊಂದಕ್ಕೆ ತೋಳು ಕೂಡಿಸುತ್ತಿದ್ದ. ಸ್ಪೀಕರಿನಲ್ಲಿ ಅದೇ ಹಾಡು.

"ಈಗ ಎಷ್ಟು ಚೆನ್ನಾಗಿ ಕೇಳತ್ತೆ ಅಲ್ವಾಪ್ಪ?"

"ಹೂಂ. ಒಂದು ಸದ್ದಿಲ್ಲ."

ಕೊಳಲು ನಿಲ್ಲುವ ಜಾಗ ಬಂದಾಗ ಅವನ ಕಾಲು ತಾನಾಗಿ ಪೆಡಲಿನಿಂದ ಎದ್ದಿತು. "ಎಡಗಡೆ ಡ್ರಾಯರಲ್ಲಿ," ಎಂದ.

"ಏನಪ್ಪ?"

"ಏನಿಲ್ಲ," ಎಂದು ಅವನು ಮತ್ತೆ ತುಳಿಯತೊಡಗಿದ.