ಪಣಂಬೂರಿನಲ್ಲಿ ಮಗಳ ಜೊತೆ ಒಂದು ಸಂಜೆ

ತೊಂಬತ್ತರ ದಶಕದ ಕೊನೆ. ಸೌದಿಯಲ್ಲಿ ಮೂರು ವರ್ಷ ದುಡಿದು, ಎರಡು ತಿಂಗಳ ರಜೆಯ ಮೇಲೆ ನರಿಕೊಂಬಿನ ಮನೆಗೆ ಬಂದಿದ್ದೆ. ನಾನು ಹೊರಟಾಗ ಮಗಳಿಗೆ ಹಲ್ಲು ಮೂಡಿರಲಿಲ್ಲ. ಈಗ ಅಂಗಳದ ತುಂಬ ಓಡುತ್ತಿದ್ದಳು. ನನ್ನನ್ನು ಕಂಡರೆ ಮಾತ್ರ ಅವಳ ಉಮ್ಮನ, ಎಂದರೆ ನನ್ನ ಹೆಂಡತಿಯ ಹಿಂದೆ ಅಡಗುತ್ತಿದ್ದಳು. ನಾನು ತಂದ ಬೊಂಬೆಯನ್ನು ತೆಗೆದುಕೊಂಡಳು, ನನ್ನ ಮುಖ ನೋಡಲಿಲ್ಲ.

“ಭಾವ, ಸಮುದ್ರ ತೋರಿಸುವ. ಸರಿಯಾಗ್ತಾಳೆ,” ಎಂದ ಹೆಂಡತಿಯ ತಮ್ಮ. ನಾನಿಲ್ಲದಾಗ ಅವಳನ್ನು ಎತ್ತಿ ಆಡಿಸಿದವನು ಅವನೇ. ಒಂದು ಭಾನುವಾರ ನಾವು ನಾಲ್ವರೂ ಮಂಗಳೂರಿನಲ್ಲಿ ಬಸ್ಸು ಬದಲಿಸಿ ಪಣಂಬೂರಿನ ಕಡಲತೀರಕ್ಕೆ ಹೋದೆವು.

ನಾನು ಪ್ಯಾಂಟು ಮಡಚಿ ನೀರಿಗಿಳಿದು ಮಗಳತ್ತ ಕೈ ಚಾಚಿದೆ. ಏನನ್ನಿಸಿತೋ, ಹಿಡಿದುಕೊಂಡಳು. ಬೆವರಿದ ಪುಟ್ಟ ಕೈ. ನಾನು ಉಸಿರು ಬಿಗಿಹಿಡಿದು ನಿಂತೆ. ಅಷ್ಟರಲ್ಲಿ ದೊಡ್ಡ ಅಲೆಯೊಂದು ಬಂದು ಅವಳ ಕಾಲಡಿಯ ಮರಳು ಜಾರಿತು. ಕಿರುಚಿ, ನನ್ನ ಕೈ ಕೊಸರಿ ಓಡಿದಳು. ಓಡಿ ಹೋಗಿ ಮಾಮನ ಕಾಲು ತಬ್ಬಿಕೊಂಡಳು.

“ಅಲ್ಲಿ ಬಾಪ ಇದ್ದಾರಲ್ಲ ಮಾರಾಯ್ತಿ, ಹೋಗು,” ಎಂದ ಅವನು ಮುಜುಗರದಿಂದ.

“ಬಾಪ ಫೋನಿನಲ್ಲಿ ಇರುವುದು,” ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. “ಸ್ವಲ್ಪ ನಡೆದು ಬರ್ತೇನೆ,” ಎಂದು ತೀರದುದ್ದಕ್ಕೂ ಹೊರಟೆ.

ಮುಂದೆ ಏಳೆಂಟು ಮಂದಿ ಮೀನಿನ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು. ನಾನೂ ಹಗ್ಗಕ್ಕೆ ಕೈಹಾಕಿದೆ. ಯಾರೆಂದು ಯಾರೂ ಕೇಳಲಿಲ್ಲ. ಅಂಗೈ ಉರಿಯುವವರೆಗೆ ಎಳೆದೆ. ತಿರುಗಿ ನೋಡಿದರೆ ದೂರದಲ್ಲಿ ಅವರು ಮೂವರು ಮರಳಿನಲ್ಲಿ ಮನೆ ಕಟ್ಟುತ್ತಿದ್ದರು. ಗುರುತಿಲ್ಲದವರು ನೋಡಿದ್ದರೆ ಗಂಡ, ಹೆಂಡತಿ, ಮಗು ಅಂದುಕೊಳ್ಳುತ್ತಿದ್ದರು.

ಹೆಂಡತಿ ಎದ್ದು ನನ್ನ ಬಳಿ ಬಂದಳು. “ಬೇಸರವಾಯ್ತಾ?”

“ಇಲ್ಲ. ಹಗ್ಗ ಉಜ್ಜಿ ಕೈ ಉರೀತದೆ ಅಷ್ಟೆ.”

ಅವಳು ನನ್ನ ಅಂಗೈ ಬಿಡಿಸಿ ನೋಡಿದಳು.

ರಜೆ ಮುಗಿಯುವ ಹೊತ್ತಿಗೆ ಮಗಳು ನನ್ನ ತಟ್ಟೆಯಿಂದ ತುತ್ತು ತಿನ್ನುವಷ್ಟು ಹತ್ತಿರವಾಗಿದ್ದಳು. ಆಗಲೇ ನಾನು ಹೊರಟೆ. ಮುಂದಿನ ಸಲ ಬಂದಾಗ ಅವಳು ಶಾಲೆಗೆ ಹೋಗುತ್ತಿದ್ದಳು. ಬಾಗಿಲಲ್ಲಿ ನಿಂತು, ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ ಕೇಳಿದಳು: “ನೀವು ಎಷ್ಟು ದಿನ ಇರ್ತೀರಿ?”