ವಿಮಲಮ್ಮ ಮೇಡಂ ಮತ್ತು ಬಾವಿಯ ಕಲ್ಲು

ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಾರ್ನೆಟ್ ಕಲ್ಲೊಂದನ್ನು ಸೋಪಿನ ಪುಡಿ ಹಾಕಿ ತಿಕ್ಕಿದ ಮಹಾನುಭಾವ ನಾನು. ಕಲ್ಲಿನ ಮೈತುಂಬ ಆ ಖನಿಜದ ಕೆಂಪು ಕಾಳು. ಯಾರೋ ಪೂಜೆ ಮಾಡಿ ಕುಂಕುಮ ಮೆತ್ತಿದ್ದಾರೆ ಅಂದುಕೊಂಡಿದ್ದೆ. ನಾನಿದ್ದ ತಿಪಟೂರಿನ ಕಾಲೇಜಿನಲ್ಲಿ ಭೂವಿಜ್ಞಾನದ ಪಾಠ ಹೇಳುತ್ತಿದ್ದ ವಿಮಲಮ್ಮ ಮೇಡಂ ಬಾಗಿಲಲ್ಲಿ ನಿಂತು ನೋಡಿದರು.

"ಇನ್ನೂ ಉಜ್ಜು ಜುಂಜೇಶ. ಇನ್ನೂರೈವತ್ತು ಕೋಟಿ ವರ್ಷದಿಂದ ಹೋಗದ ಬಣ್ಣ, ನಿನ್ನ ಕೈಲಾದ್ರೂ ಹೋಗ್ಲಿ."

ದಿನಗೂಲಿ ಅಟೆಂಡರ್ ಆದ ನನ್ನ ವಿದ್ಯೆ ಅಷ್ಟೇ. ಮೇಡಂ ತುರುವೇಕೆರೆಯ ಕೊಬ್ಬರಿ ವ್ಯಾಪಾರಿಯ ಮಗಳು. ಕೂತಲ್ಲಿ ಕೂರುತ್ತಿರಲಿಲ್ಲ. ಅರ್ಧ ಕಾಫಿ ಬಿಟ್ಟು ಏಳುವುದು, ಕಿಟಕಿಯಲ್ಲಿ ಬಂಡೆ ಕಂಡರೆ ನಡುದಾರಿಯಲ್ಲೇ ಬಸ್ಸು ನಿಲ್ಲಿಸಿ ಇಳಿಯುವುದು. ತರಕಾರಿ ಚೀಲದಲ್ಲಿ ಸುತ್ತಿಗೆ, ಚೀಲ ಹೊರಲು ನಾನು. ಗಾರ್ನೆಟ್ ಜೊತೆ ಸಿಲಿಮನೈಟ್ ಖನಿಜವೂ ಇರುವ, ಬಿಸಿಲು ಮಳೆ ಸೋಕದ ಕಲ್ಲು ಈ ಸೀಮೆಯಲ್ಲಿ ಸಿಕ್ಕರೆ ಮಾತ್ರ ಅವರ ಪಿಎಚ್‌ಡಿ ಮುಗಿಯುವಂತಿತ್ತು.

೧೯೯೯ರ ಬೇಸಿಗೆಯಲ್ಲಿ ಅಂಥ ಕಲ್ಲಿನ ಸುಳಿವು ಕಂಡದ್ದು ಚಿಕ್ಕನಾಯಕನಹಳ್ಳಿ ಕಡೆ, ದೊಡ್ಡರಂಗಯ್ಯನ ತೋಟದಲ್ಲಿ. ತೆಂಗಿನ ಸಸಿಗಳಿಗೆಂದು ಅವನು ಸಿಡಿಮದ್ದಿಟ್ಟು ಬಾವಿ ತೋಡಿಸುತ್ತಿದ್ದ. ನೀರು ನೋಡುವ ಗಿಡ್ಡಯ್ಯನ ಅಂಗೈಯಲ್ಲಿ ಮಲಗಿದ್ದ ತೆಂಗಿನಕಾಯಿ ಎದ್ದು ನಿಂತ ಜಾಗವದು.

ಮೇಲೆ ಸುರಿದ ಕಲ್ಲಿನಲ್ಲಿ ಕೆಂಪು ಕಾಳು, ನಡುವೆ ಬಿಳಿ ನೂಲಿನಂಥ ಸಿಲಿಮನೈಟ್ ಎಳೆ. ಮೇಡಂ ಒಂದು ಹೋಳೆತ್ತಿ ಬಿಸಿಲಿಗೆ ಹಿಡಿದರು.

"ಇದು ಒಂದು ಕಾಲಕ್ಕೆ ಕಡಲ ತಳದ ಕೆಸರು ಕಣೋ. ಭೂಮಿಯ ಆಳಕ್ಕೆ ಇಳಿದು, ಆ ಕಾವು, ಆ ಭಾರಕ್ಕೆ ಜೇಡಿಯೇ ಗಾರ್ನೆಟ್ಟು, ಸಿಲಿಮನೈಟು ಆಗಿದೆ. ಅದರೊಳಗಿದ್ದ ನೀರೆಲ್ಲ ಹಿಂಡಿ ಹೋಗಿದೆ."

ಆದರೆ ಹೋಳೆಲ್ಲ ಮೇಲುಪದರದ್ದು, ಬಿಸಿಲು ಮಳೆಗೆ ಮಾಸಿತ್ತು; ಮಾಸದ ಕಲ್ಲು ಇನ್ನೂ ಕೆಳಗಿತ್ತು. ಮೇಡಂ ಬಾವಿಗಿಳಿದು ಗೋಡೆ ತಡವಿದರು. ನೀರು ಜಿನುಗಲು ಎಲ್ಲೂ ಒಂದು ಬಿರುಕಿಲ್ಲ. ಮೇಲೆ ಬಂದವರು ಬಾವಿಯ ಸುತ್ತ ಸುತ್ತತೊಡಗಿದರು. "ಇನ್ನೊಂದಾಳುದ್ದ ತೋಡಿದ್ರೆ ಚೆನ್ನಾಗಿರ್ತಿತ್ತು" ಎಂದು ಗೊಣಗಿಕೊಂಡರು.

"ನೋಡಿದ್ರಾ? ನನ್ ಕಾಯಿ ಹೇಳಿದ್ನೇ ಮೇಡಮ್ಮೋರೂ ಹೇಳ್ತಾವ್ರೆ!" ಗಿಡ್ಡಯ್ಯ ಮೀಸೆ ತಿರುವಿದ.

ನಾನು ಮೆಲ್ಲಗೆ, "ಸುಮ್ನಿದ್ಬುಡಿ ಮೇಡಂ, ನಾಳೆ ಮದ್ದಿಟ್ರೆ ನಿಮ್ ಕಲ್ಲು ಸಿಗ್ತದೆ" ಎಂದೆ. ಅಂಥ ಸಲಹೆ ಕೊಡುವುದರಲ್ಲಿ ನಾನು ಮುಂದು.

ಮೇಡಂ ಇನ್ನೊಂದು ಸುತ್ತು ಹಾಕಿದರು. ದೊಡ್ಡರಂಗಯ್ಯ ಅಡ್ಡ ಬಂದು ನಿಂತ.

"ನಿಜ ಹೇಳವ್ವ. ಇನ್ನೂ ತೋಡು ಅಂದಿದ್ದು ನನ್ ನೀರಿಗೋ, ನಿನ್ ಕಲ್ಲಿಗೋ?"

"ನನ್ನ ಕಲ್ಲಿಗೆ. ಇಲ್ಲಿ ನೀರಿಲ್ಲ, ನಿಲ್ಸಿ."