ಉಲಿಯಕ್ಕಿಯ ಸಾಕ್ಷಿ

ಲಮೈಗೆ ಅನುಮಾನ ಹುಟ್ಟುಗುಣ. ಏಡಿ ಕೊಂಡರೆ ಹೊಟ್ಟೆ ಒತ್ತಿ ನೋಡದೆ ಬಿಡುವವಳಲ್ಲ, ಮೀನಿನ ಸಾಸಿನ ಬಾಟಲಿಯನ್ನು ಬಿಸಿಲಿಗೆ ಹಿಡಿಯದೆ ಬುಟ್ಟಿಗೆ ಹಾಕುವವಳಲ್ಲ. ಪೆಚ್ಚಬುರಿ ಕರಾವಳಿಯ ಉಪ್ಪಿನ ಗದ್ದೆಗಳ ನಡುವೆ ಬೆಳೆದವಳು. ವ್ಯಾಪಾರಿಗಳ ತಕ್ಕಡಿ ನೋಡಿ ನೋಡಿ ಬಂದ ಬುದ್ಧಿ ಅದು. ಹಕ್ಕಿಗಳನ್ನು ಹಿಡಿದು ಅಳೆದು, ಗುರುತಿಗೆ ಕಾಲಿಗೆ ಉಂಗುರ ಹಾಕಿ ಬಿಡುವ ಕೆಲಸಕ್ಕೆ ಇಂಥವಳೇ ಸರಿ ಎಂದು ಅವಳ ಜೊತೆ ದುಡಿಯುವ ನಾವೆಲ್ಲ ಹೇಳುತ್ತಿದ್ದೆವು. ಸಂಸಾರಕ್ಕೆ? ಅದು ಬೇರೆ ಮಾತು ಬಿಡಿ.

ಗಂಡ ಚಮ್ನಾನ್ ಮದುವೆಗೆ ಮುಂಚೆ ಹಕ್ಕಿ ಹಿಡಿಯುವವನು. ಬೌದ್ಧ ವಿಹಾರದ ಬಾಗಿಲಲ್ಲಿ ಬುಟ್ಟಿಯಲ್ಲಿ ಹಕ್ಕಿ ಮಾರುತ್ತಾರಲ್ಲ, ಜನ ಪುಣ್ಯಕ್ಕೆಂದು ಕೊಂಡು ಹಾರಿಬಿಡುವುದು, ಆ ಮಾರುವವರಿಗೆ ತಂದುಕೊಡುತ್ತಿದ್ದ. ಹಿಡಿದ ಪಾಪ ಒಬ್ಬನಿಗೆ, ಬಿಟ್ಟ ಪುಣ್ಯ ಇನ್ನೊಬ್ಬನಿಗೆ; ಎಂಥ ನ್ಯಾಯವೋ. ಲಮೈಯ ಕೈಹಿಡಿದ ಮೇಲೆ ಅದನ್ನು ಬಿಟ್ಟ. ಜೊಂಡಿನ ಕೊಳದಲ್ಲಿ ಅವಳಿಗೆ ಬಲೆ ಕಟ್ಟಿಕೊಡುವುದು, ಸಿಕ್ಕ ಹಕ್ಕಿಯನ್ನು ಬಿಡಿಸಿ ಬಟ್ಟೆಯ ಚೀಲದಲ್ಲಿ ತರುವುದು ಅವನ ಪಾಲಿಗೆ ಬಂತು.

ಆ ಬೇಸಿಗೆಯಲ್ಲಿ ಕೊಳದ ಒಡೆಯ ಅದನ್ನು ಸೀಗಡಿ ಸಾಕುವವನಿಗೆ ಮಾರಲು ಹೊರಟಿದ್ದ. ಯಾವುದಾದರೂ ಅಪರೂಪದ ಹಕ್ಕಿ ಸಿಕ್ಕರೆ ಮಾತ್ರ ಈ ಮಾರಾಟ ನಿಂತೀತು ಎಂದು ಲಮೈ ಊಟಕ್ಕೆ ಕೂತಾಗ ಗೋಳಾಡಿದ್ದಳು. ವಾರ ಕಳೆಯುವುದರೊಳಗೆ ಚಮ್ನಾನ್ ತಂದ ಚೀಲದಿಂದ ಒಂದು ಮಂಕು ಕಂದು ಹಕ್ಕಿ ಹೊರಬಂತು.

ನೋಡಲು ದಿನಾ ಸಿಗುವ ಜೊಂಡು ಉಲಿಯಕ್ಕಿಯೇ. ಉಂಗುರ ತೊಡಿಸಿ ಕೊಕ್ಕು ಅಳೆದಳು, ಉದ್ದ ಹೆಚ್ಚಾಯಿತು. ತನ್ನ ಕೈಯನ್ನೇ ನಂಬದೆ ಮತ್ತೆ ಅಳೆದಳು. ಹಿಂಬೆರಳಿನ ಉಗುರೂ ಉದ್ದ, ರೆಕ್ಕೆ ಮಾತ್ರ ಮೋಟು. ಪುಸ್ತಕದ ಚಿತ್ರದ ಪಕ್ಕ ಹಿಡಿದು ನೋಡಿದಳು. ದೊಡ್ಡ ಕೊಕ್ಕಿನ ಉಲಿಯಕ್ಕಿ. ಎಲ್ಲಿಂದಲೋ ವಲಸೆ ಬರುವ, ಆ ಕೊಳದಲ್ಲಿ ಯಾರೂ ಕಂಡಿರದ ಹಕ್ಕಿ.

ಆಮೇಲೆ ಬಾಲ ಕಂಡಿತು. ಗರಿಗಳ ತುದಿ ಮುರಿದು ಚಿಂದಿಯಾಗಿತ್ತು, ಹಣೆಯ ಪುಕ್ಕ ಸವೆದಿತ್ತು. ಪಂಜರದ ಕಡ್ಡಿಗೆ ತಲೆ ಉಜ್ಜಿದ ಹಕ್ಕಿಗೆ ಹಾಗಾಗುತ್ತದೆ.

ಅಳತೆ ಬರೆದುಕೊಳ್ಳಲು ಕೂತಿದ್ದವಳು ಅವಳ ಚಿಕ್ಕಮ್ಮನ ಮಗಳು ಉಬೋನ್. "ಬೇಕು ಅಂದ ವಾರಕ್ಕೇ ಬಂತಲ್ಲೇ ಅಕ್ಕ, ಹೇಳಿ ಕಳ್ಸಿದಂಗೆ," ಎಂದಳು. "ಮೊನ್ನೆ ಭಾವ ವಿಹಾರದ ಬಾಗಿಲಲ್ಲಿ ಹಳೇ ಗೆಳೆಯರ ಜೊತೆ ಕೂತಿದ್ರು. ನಾನೇನೂ ಹೇಳ್ತಿಲ್ಲಪ್ಪ."

ಏನೂ ಹೇಳದೆ ಎಲ್ಲ ಹೇಳುವುದು ಉಬೋನ್‌ಗೆ ಕರಗತ. ಲಮೈಯ ತಲೆಗೆ ಹುಳ ಬಿಟ್ಟಾಯಿತು. ಚೀಲ ಕೊಡುವಾಗ ಅವನು ಮುಖ ತಪ್ಪಿಸಿದನೇ? ಬೆಳಿಗ್ಗೆ ಯಾಕೆ ಅಷ್ಟು ಬೇಗ ಎದ್ದು ಹೋದ? ಬುಟ್ಟಿಯ ಹಕ್ಕಿಯನ್ನು ಕೊಳದ್ದೆಂದು ಬರೆದು ತಾನು ಸಹಿ ಹಾಕಿ, ನಾಳೆ ಗೊತ್ತಾದರೆ, ಇಷ್ಟು ವರ್ಷ ಹಿಡಿದ ಒಂದು ಹಕ್ಕಿಯನ್ನೂ ಯಾರೂ ನಂಬುವುದಿಲ್ಲ. ಪ್ರೀತಿಗೆಂದೇ ಮಾಡಿರಬಹುದು ಎನ್ನಿಸಿದಾಗ ಅವಳಿಗೆ ಇನ್ನೂ ಹೆದರಿಕೆಯಾಯಿತು.

ಈ ಕೆಲಸಕ್ಕೊಂದು ಕ್ರಮವಿದೆ. ಎಲ್ಲ ಅಳೆದ ಮೇಲೆ ಹೊಟ್ಟೆಯ ಪುಕ್ಕ ಊದಿ ಚರ್ಮದ ಕೆಳಗೆ ಕೊಬ್ಬಿದೆಯೇ ನೋಡಬೇಕು. ಅಲ್ಲಿಯವರೆಗೆ ಆ ಹಕ್ಕಿಯ ವಿಷಯದಲ್ಲಿ ಯಾರೂ ಬಾಯಿ ಬಿಡಬಾರದು. ನಮಗೆಲ್ಲ ಇದನ್ನು ಬೈದು ಬೈದು ಕಲಿಸಿದವಳೇ ಲಮೈ. ಆ ದಿನ ಊದಲಿಲ್ಲ. ಹಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದೇ ಗಂಡನ ಹತ್ತಿರ ನಡೆದಳು.

ನಮ್ಮ ಕಡೆ ಗಂಡನನ್ನು 'ಪೀ' ಎಂದು ಕರೆಯುವುದು. ಮುನಿಸಿನಲ್ಲೂ ಅದು ತಪ್ಪುವುದಿಲ್ಲ.

"ಪೀ, ನಿಜ ಹೇಳು. ಇದನ್ನ ಬುಟ್ಟಿಯಿಂದ ತಂದು ಬಲೆಗೆ ಹಾಕಿದ್ಯಾ?"

ಬಲೆ ಸರಿಮಾಡುತ್ತಿದ್ದ ಚಮ್ನಾನ್ ತಲೆ ಎತ್ತಿದ. "ಇಲ್ಲ."

"ನನಗೋಸ್ಕರ ಮಾಡಿದ್ರೂ ಹೇಳ್ಬಿಡು. ಹೋಗೋದು ನನ್ನ ಹೆಸರು."

"ಇಲ್ಲ ಅಂದ್ನಲ್ಲ, ಲಮೈ."

ಅವಳು ನಂಬಲಿಲ್ಲ. ಮುಖ ಗಂಟಿಕ್ಕಿಕೊಂಡು ಮೇಜಿಗೆ ವಾಪಸು ಬಂದು, ಕೆಲಸ ಮುಗಿಸಿಬಿಡೋಣ ಎಂದು ಹಕ್ಕಿಯ ಹೊಟ್ಟೆ ಊದಿದಳು. ಗಂಟಲ ಕುಳಿಯಿಂದ ಕೆಳಗಿನವರೆಗೆ ಬೆಣ್ಣೆ ಮೆತ್ತಿದಂತೆ ಹಳದಿ ಕೊಬ್ಬು. ದೂರದ ಹಾದಿಗೆ ಹುಳ ತಿಂದು ಕಟ್ಟಿಕೊಂಡ ಬುತ್ತಿ. ಪಂಜರದಲ್ಲಿ ಬಾಲ ಹಾಗೆ ಸವೆಯಲು ಎಷ್ಟೋ ದಿನ ಬೇಕು. ಅಷ್ಟರಲ್ಲಿ ಹುಳ ತಿನ್ನುವ ಹಕ್ಕಿ ಬುಟ್ಟಿಯ ಭತ್ತದ ಮುಂದೆ ಕೂತು ಸೊರಗಿ ಮೂಳೆಯಾಗಿರುತ್ತದೆ. ಇದರ ಬಾಲ ಹರಿದದ್ದು, ಹಣೆ ಸವೆದದ್ದು ಜೊಂಡಿನಲ್ಲಿ ನುಸುಳಿ ನುಸುಳಿ. ಇದು ಹುಟ್ಟಾ ಸ್ವತಂತ್ರ ಹಕ್ಕಿ.

ಫೋಟೋ ತೆಗೆದು, ಹಕ್ಕಿಯನ್ನು ಬಿಟ್ಟು, ಓಡಿದಳು. ನಗುವೂ ಅಳುವೂ ಒಟ್ಟಿಗೇ ಬರುತ್ತಿತ್ತು.

"ಪೀ, ಬುಟ್ಟೀದಲ್ಲ. ಮೈತುಂಬ ಕೊಬ್ಬಿದೆ. ನೀನೇನೂ ಮಾಡಿಲ್ಲ."

"ನಾನು ಹೇಳ್ದೆ, ನಂಬ್ಲಿಲ್ಲ," ಎಂದ ಚಮ್ನಾನ್. "ಹಕ್ಕಿ ಹೇಳ್ತು, ನಂಬ್ದೆ."

ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಜಗಳವಾಡಿಯಾದರೂ ಮುಗಿಸಬಹುದಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುವುದು ಸುಮ್ಮನೆ ಅಲ್ಲ.

ತಿಳಿದವರು ಬಂದು ಫೋಟೋ, ಅಳತೆ ನೋಡಿ ಹಕ್ಕಿ ಅದೇ ಎಂದು ಒಪ್ಪಿದರು. ಕೊಳದ ಮಾರಾಟ ನಿಂತಿತು, ಲಮೈಯ ಹೆಸರು ನಾಲ್ಕು ಊರಿಗೆ ಗೊತ್ತಾಯಿತು. ಚಮ್ನಾನ್ ಈಗಲೂ ಮುಂಜಾನೆ ಅವಳ ಜೊತೆ ಹೋಗುತ್ತಾನೆ, ಕಂಬ ನೆಡುತ್ತಾನೆ, ಬಲೆ ಕಟ್ಟುತ್ತಾನೆ. ಹಕ್ಕಿ ಸಿಕ್ಕಿದರೆ ಮಾತ್ರ ಮುಟ್ಟುವುದಿಲ್ಲ. ಎರಡು ಮಾರು ದೂರ ಸರಿದು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎಲ್ಲರಿಗೂ ಕೇಳುವಂತೆ ಕರೆಯುತ್ತಾನೆ.

"ಲಮೈ, ಬಾ. ನೀನೇ ಬಿಡಿಸ್ಕೋ."